240 ನಿಮಿಷಗಳ ಲೆಕ್ಕ: ಬ್ಯಾಸ್ಕೆಟ್‌ಬಾಲ್ ತಂಡವೊಂದು ವರ್ಷಾನುಗಟ್ಟಲೆ ಗೆಲ್ಲುತ್ತ ಹೋಗುವುದು ಹೇಗೆ

(ಉಪನ್ಯಾಸದ ಬರಹ ರೂಪ)

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ಪಂದ್ಯ 48 ನಿಮಿಷದ್ದು. ಅಂಕಣದಲ್ಲಿ ಒಂದು ತಂಡದಿಂದ ಐದು ಮಂದಿ. ಅಂದರೆ ಕೋಚ್ ಕೈಯಲ್ಲಿ ಹಂಚಲು ಇರುವುದು ಒಟ್ಟು 240 ನಿಮಿಷ. ಪೂರ್ಣ ಒಪ್ಪಂದದ ಆಟಗಾರರು 15 ಜನ, ಜಿ ಲೀಗ್ ಎಂಬ ಕಿರಿಯ ಲೀಗ್‌ಗೂ ಮುಖ್ಯ ತಂಡಕ್ಕೂ ನಡುವೆ ಓಡಾಡುವ ಟೂ-ವೇ ಒಪ್ಪಂದದವರು ಮೂವರು. ಆರಂಭದ ಐವರಿಗೆ ತಲಾ 32 ನಿಮಿಷ ಕೊಟ್ಟರೆ 160 ಮುಗಿಯಿತು. ಉಳಿದ 80ನ್ನು ಬೆಂಚಿನ ನಾಲ್ವರಿಗೆ 22, 20, 20, 18 ಎಂದು ಹಂಚಿದರೆ ಅಲ್ಲಿಗೆ ಲೆಕ್ಕ ಚುಕ್ತಾ. ಪೂರ್ಣ ಒಪ್ಪಂದದವರಲ್ಲೇ ಆರು ಮಂದಿಗೆ ಅಂದು ಆಟವಿಲ್ಲ. ಈ ಆರು ಮಂದಿಯೂ ತಮ್ಮ ಶಾಲೆಯಲ್ಲಿ, ಕಾಲೇಜಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡಿ ಬಂದವರು. ಮುಂದಿನ ಒಪ್ಪಂದದ ಮೊತ್ತ ನಿಂತಿರುವುದು ಈಗ ಸಿಗುವ ನಿಮಿಷಗಳ ಮೇಲೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಇಂಥ ಜಗಳ ಪ್ರತಿ ತಂಡದೊಳಗೂ ಇದ್ದೇ ಇರುತ್ತದೆ. ಹಾಗಾಗಿ ಗೆಲ್ಲುವ ಸಂಸ್ಕೃತಿಯನ್ನು ಡ್ರೆಸಿಂಗ್ ರೂಮಿನ ಗೋಡೆಬರಹಗಳಲ್ಲಿ ಹುಡುಕಿ ಪ್ರಯೋಜನವಿಲ್ಲ. ತಂಡ ತಾನು ಹೇಳಿದ ಮಾತಿಗೆ ಎಲ್ಲಿ ಬೆಲೆ ತೆತ್ತಿದೆ ಎಂದು ನೋಡಬೇಕು. ತಾರಾ ಆಟಗಾರನ ನಿಮಿಷ ಕಡಿಮೆ ಮಾಡಿದೆಯೇ? ಸೋತಾಗ ಕೋಚ್‌ನನ್ನು ಉಳಿಸಿಕೊಂಡಿದೆಯೇ? ಗೆಲ್ಲಬಹುದಾದ ಪಂದ್ಯವನ್ನು ಮುಂದಿನ ತಿಂಗಳ ಒಳಿತಿಗಾಗಿ ಬಿಟ್ಟುಕೊಟ್ಟಿದೆಯೇ? ಇಲ್ಲವಾದರೆ ಉಳಿದದ್ದೆಲ್ಲ ಬಾಯಿಮಾತು.

ಸ್ಯಾನ್ ಆಂಟೋನಿಯೊ ಸ್ಪರ್ಸ್ 1998ರಿಂದ 2019ರವರೆಗೆ ಸತತ 22 ಸಲ ಪ್ಲೇಆಫ್ (ಋತುವಿನ ಕೊನೆಯ ನಾಕೌಟ್ ಹಂತ) ತಲುಪಿತು. 1999, 2003, 2005, 2007 ಮತ್ತು 2014ರಲ್ಲಿ ಚಾಂಪಿಯನ್ ಆಯಿತು. 2013-14ರ ಋತುವಿನಲ್ಲಿ ಅದು ಗೆದ್ದದ್ದು 62 ಪಂದ್ಯ. ಆ ತಂಡದಲ್ಲಿ ಸರಾಸರಿ 30 ನಿಮಿಷ ಆಡಿದ ಒಬ್ಬನೇ ಒಬ್ಬ ಆಟಗಾರ ಇರಲಿಲ್ಲ. ಟಿಮ್ ಡಂಕನ್, ಟೋನಿ ಪಾರ್ಕರ್, ಕವಾಯ್ ಲೆನಾರ್ಡ್ ಮೂವರೂ 29ರ ಆಸುಪಾಸಿನಲ್ಲಿ ನಿಂತರು. ಇದಕ್ಕೆ ತಂಡ ಹಣವನ್ನೂ ಕಳೆದುಕೊಂಡಿತ್ತು. 2012ರ ನವೆಂಬರ್‌ನಲ್ಲಿ ಮಯಾಮಿ ವಿರುದ್ಧದ ಪಂದ್ಯಕ್ಕೆ ಮುಂಚೆ ಕೋಚ್ ಗ್ರೆಗ್ ಪೊಪೊವಿಚ್ ಡಂಕನ್, ಪಾರ್ಕರ್, ಮನು ಜಿನೋಬಿಲಿ, ಡ್ಯಾನಿ ಗ್ರೀನ್ ನಾಲ್ವರನ್ನೂ ವಿಶ್ರಾಂತಿಗೆಂದು ವಿಮಾನ ಹತ್ತಿಸಿ ಮನೆಗೆ ಕಳಿಸಿಬಿಟ್ಟರು. ಲೀಗ್ ಎರಡೂವರೆ ಲಕ್ಷ ಡಾಲರ್ ದಂಡ ಹಾಕಿತು. ಅಂದು ಉಳಿದವರೇ ಆಡಿ 100-105ರಲ್ಲಿ ಸೋತರು. ಪಟ್ಟಿಯ ಕೊನೆಯವರು ಪ್ರಬಲ ಎದುರಾಳಿಯ ಮುಂದೆ ಅಷ್ಟು ಹತ್ತಿರ ಬಂದದ್ದು ಆಕಸ್ಮಿಕವೇನಲ್ಲ. ನವೆಂಬರ್‌ನಲ್ಲಿ ನಿಜವಾದ ನಿಮಿಷ ಸಿಕ್ಕವನು ಮಾತ್ರ ಫೈನಲ್ಸ್ ನಡೆಯುವ ಜೂನ್‌ನಲ್ಲಿ ಕೈನಡುಗದೆ ಆಡುತ್ತಾನೆ.

ನಿಮಿಷ ಹಂಚುವ ಕೆಲಸ ಹೇಗೆ ಕೆಡುತ್ತದೆ ಎಂದು ಸ್ವಲ್ಪ ಬಿಡಿಸಿ ನೋಡೋಣ. ಮೊದಲನೆಯದು, ಋತುವಿಗೆ ಮುಂಚೆ ಕೋಚ್ ಎಲ್ಲರಿಗೂ "ನಿನಗೂ ಅವಕಾಶವಿದೆ" ಎನ್ನುವುದು. ಹನ್ನೆರಡು ಮಂದಿಗೆ ಹೀಗೆ ಹೇಳಿದರೆ ಡಿಸೆಂಬರ್ ಹೊತ್ತಿಗೆ ಮೂವರು ಮುನಿಸಿಕೊಂಡಿರುತ್ತಾರೆ. ಬದಲಿಗೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಸಂಖ್ಯೆಯನ್ನೇ ಹೇಳಬೇಕು: "ಈಗ ನೀನು ಹತ್ತನೆಯವನು. ಎಂಟನೆಯವನಾಗಲು ಈ ಎರಡು ಸಂಗತಿ ಸುಧಾರಿಸಬೇಕು." ಕಹಿಯಾದರೂ ಆಟಗಾರರು ಇದನ್ನು ಒಪ್ಪಿಕೊಳ್ಳುತ್ತಾರೆ, ಅವರಿಗೆ ಸಹಿಸಲಾಗದ್ದು ತಮ್ಮ ಜಾಗ ಯಾವುದೆಂದೇ ಗೊತ್ತಾಗದ ಸ್ಥಿತಿ. ಎರಡನೆಯದು, ಎಸೆತ ತಪ್ಪಿದ ಕೂಡಲೇ ಆಟಗಾರನನ್ನು ಹೊರಗೆ ಕರೆಯುವುದು. ಹೀಗೆ ಎರಡು ಸಲ ಆಯಿತೆಂದರೆ ಮೂರನೆಯ ಸಲ ಅವನು ಬುಟ್ಟಿ ನೋಡುವ ಬದಲು ಬೆಂಚು ನೋಡುತ್ತಾನೆ. ಸರಿಯಾದ ಎಸೆತ ತಪ್ಪಿದರೆ ಹೊರಗೆ ಕರೆಯಬಾರದು. ರಕ್ಷಣೆಗೆ ಹಿಂದಕ್ಕೆ ಓಡದಿದ್ದರೆ, ರಿಬೌಂಡ್‌ಗೆ (ಗುರಿ ತಪ್ಪಿ ಪುಟಿದ ಚೆಂಡಿಗೆ) ಎದುರಾಳಿಯನ್ನು ಮೈಯಿಂದ ತಡೆಯದಿದ್ದರೆ ಯಾರೇ ಆಗಲಿ ಕರೆಯಬೇಕು. ಈ ಗೆರೆ ತಾರಾ ಆಟಗಾರನಿಗೂ ಅನ್ವಯಿಸಬೇಕು. ಮುಖ ನೋಡಿ ಮಣೆ ಹಾಕುವ ತಂಡದಲ್ಲಿ ಯಾರೂ ಪ್ರತಿಭಟಿಸುವುದಿಲ್ಲ, ನಿಜ. ಆದರೆ ಹನ್ನೊಂದನೆಯ ಆಟಗಾರ ಅಭ್ಯಾಸಕ್ಕೆ ಐದು ನಿಮಿಷ ತಡವಾಗಿ ಬರಲು ಶುರುಮಾಡುತ್ತಾನೆ.

ಆರನೆಯ ಆಟಗಾರನ, ಅಂದರೆ ಬೆಂಚಿನಿಂದ ಮೊದಲು ಇಳಿಯುವವನ ಸ್ಥಾನಕ್ಕೆ ಮರ್ಯಾದೆ ತಂದದ್ದು ಬಾಸ್ಟನ್ ಸೆಲ್ಟಿಕ್ಸ್. ಅದರ ಕೋಚ್ ರೆಡ್ ಔರ್‌ಬ್ಯಾಕ್ ಮೊದಲು ಫ್ರ್ಯಾಂಕ್ ರಾಮ್ಸೆಯನ್ನು, ಆಮೇಲೆ ಜಾನ್ ಹ್ಯಾವ್ಲಿಚೆಕ್‌ನನ್ನು ಬೆಂಚಿನಿಂದ ಇಳಿಸಿದರು. ಇಬ್ಬರೂ ಬೇರೆ ಯಾವ ತಂಡದಲ್ಲಾದರೂ ಆರಂಭದಿಂದಲೇ ಆಡುವಂಥವರು. ಎದುರಾಳಿಯ ಮೊದಲ ಐವರು ದಣಿಯುವ ಹೊತ್ತಿಗೆ ತಾಜಾ ಕಾಲಿನ ಒಳ್ಳೆಯ ಆಟಗಾರನನ್ನು ಇಳಿಸುವುದು ಇದರ ಹಿಂದಿನ ಲೆಕ್ಕ. ಆ ತಂಡ 1957ರಿಂದ 1969ರವರೆಗಿನ 13 ಋತುಗಳಲ್ಲಿ 11 ಪ್ರಶಸ್ತಿ ಗೆದ್ದಿತು. ಸ್ಪರ್ಸ್‌ನಲ್ಲಿ ಜಿನೋಬಿಲಿ ಅದೇ ಕೆಲಸ ಮಾಡಿದರು. 2014ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ಗೆ ಸ್ಟೀವ್ ಕರ್ ಕೋಚ್ ಆಗಿ ಬಂದಾಗ ಆಂಡ್ರೆ ಇಗುಡಾಲ ಅದುವರೆಗೆ ತಾನು ಆಡಿದ ಪ್ರತಿ ಲೀಗ್ ಪಂದ್ಯವನ್ನೂ ಆರಂಭದಿಂದಲೇ ಆಡಿದ್ದವರು. ಅವರು ಬೆಂಚಿಗೆ ಹೋಗಲು ಒಪ್ಪಿದರು. ಮರುವರ್ಷದ ಫೈನಲ್ಸ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಅವರಿಗೇ ಬಂತು. ಇಂಥ ಒಪ್ಪಿಗೆಯನ್ನು ಆಜ್ಞೆ ಮಾಡಿ ಪಡೆಯಲಾಗದು. ಮೊದಲು ಆ ಆಟಗಾರನ ಜತೆ ಖಾಸಗಿಯಾಗಿ ಮಾತಾಡಬೇಕು, ಕೊನೆಯ ಐದು ನಿಮಿಷ ಅಂಕಣದಲ್ಲಿ ಇರುವವರಲ್ಲಿ ಅವನೂ ಒಬ್ಬ ಎಂದು ಖಾತ್ರಿ ಕೊಡಬೇಕು, ಕೊಟ್ಟ ಮಾತು ಉಳಿಸಿಕೊಳ್ಳಬೇಕು. ಆರಂಭಿಸುವುದಕ್ಕಿಂತ ಮುಗಿಸುವುದು ದೊಡ್ಡದು ಎಂದು ಆಟಗಾರರಿಗೂ ಗೊತ್ತು, ಸುದ್ದಿಯವರಿಗೆ ಮಾತ್ರ ಆಗಾಗ ಮರೆತುಹೋಗುತ್ತದೆ.

ಇನ್ನು ದಿನನಿತ್ಯದ ಕೆಲಸ. ವಿಡಿಯೊ ನೋಡುವ ಸಭೆಯೇ ಸಂಸ್ಕೃತಿಯ ನಿಜವಾದ ಪರೀಕ್ಷೆ ಎಂಬುದು ನಮ್ಮ ಅಭಿಪ್ರಾಯ. 20 ನಿಮಿಷ ಮೀರಿದರೆ ಯಾರ ತಲೆಗೂ ಇಳಿಯುವುದಿಲ್ಲ. 12ರಿಂದ 15 ತುಣುಕು ಸಾಕು, ಅವೂ ಎರಡೇ ವಿಷಯಕ್ಕೆ ಸೇರಿದವು. ಉದಾಹರಣೆಗೆ, ಎದುರಾಳಿ ವೇಗವಾಗಿ ಮುನ್ನುಗ್ಗಿದಾಗ ನಮ್ಮವರು ಹಿಂದಕ್ಕೆ ಬಂದ ಬಗೆ, ಮತ್ತು ಚೆಂಡು ಮೂಲೆಗೆ ಹೋದಾಗ ದುರ್ಬಲ ಬದಿಯ (ಚೆಂಡಿಲ್ಲದ ಕಡೆಯ) ರಕ್ಷಕ ನಿಂತ ಜಾಗ. ಮೊದಲ ತುಣುಕು ತಂಡದ ಅತಿ ದೊಡ್ಡ ಆಟಗಾರನ ತಪ್ಪಿನದ್ದೇ ಆಗಿರಬೇಕು. ಪೊಪೊವಿಚ್ ಎಲ್ಲರೆದುರೇ ಡಂಕನ್‌ಗೆ ಗದರುತ್ತಿದ್ದರು, ಡಂಕನ್ ಕೇಳಿಸಿಕೊಳ್ಳುತ್ತಿದ್ದರು. ಎರಡು ಸಲ ಲೀಗ್‌ನ ಶ್ರೇಷ್ಠ ಆಟಗಾರ ಎನಿಸಿದವನು ಬೈಸಿಕೊಂಡು ಸುಮ್ಮನಿದ್ದರೆ ನಿನ್ನೆ ಬಂದ ಹುಡುಗ ಎದುರು ಮಾತಾಡಲು ಜಾಗವೇ ಇರುವುದಿಲ್ಲ. ತಾರಾ ಆಟಗಾರ ಅದನ್ನು ಒಪ್ಪದಿದ್ದರೆ? ಆಗ ಆ ತಂಡದಲ್ಲಿ ಕೋಚ್ ಹುದ್ದೆ ಹೆಸರಿಗಷ್ಟೇ. ಮಾಲೀಕರು ಮೊದಲೇ ತೀರ್ಮಾನಿಸಬೇಕಾದ ಸಂಗತಿ ಅದು.

ಏನನ್ನು ಎಣಿಸುತ್ತೀರೋ ಅದೇ ಬೆಳೆಯುತ್ತದೆ. ಕರ್ ಬರುವ ಮುಂಚಿನ ಋತುವಿನಲ್ಲಿ ವಾರಿಯರ್ಸ್ 51 ಪಂದ್ಯ ಗೆದ್ದಿದ್ದರೂ ಪಂದ್ಯಕ್ಕೆ ಮಾಡುವ ಪಾಸ್‌ಗಳ ಎಣಿಕೆಯಲ್ಲಿ ಲೀಗ್‌ನಲ್ಲೇ ಕೊನೆಯ ಸ್ಥಾನದಲ್ಲಿತ್ತು. ಕರ್ ಪಂದ್ಯಕ್ಕೆ 300 ಪಾಸ್ ಎಂಬ ಗುರಿ ಇಟ್ಟರು. ಆ ವರ್ಷ 67 ಪಂದ್ಯ ಗೆದ್ದು ಚಾಂಪಿಯನ್ ಆದರು. ಪಾಸ್ ಎಣಿಸಿದ್ದರಿಂದಲೇ ಗೆದ್ದರು ಎನ್ನುವುದು ಅತಿಯಾದೀತು, ಸ್ಟೆಫೆನ್ ಕರಿಯಂಥವನು ತಂಡದಲ್ಲಿದ್ದ. ಆದರೆ ಚೆಂಡು ಯಾರ ಸ್ವತ್ತೂ ಅಲ್ಲ ಎಂಬ ಮಾತನ್ನು ಭಾಷಣವಾಗಿ ಹೇಳುವ ಬದಲು ಅಳೆಯಬಹುದಾದ ಸಂಖ್ಯೆಯಾಗಿ ಕೊಟ್ಟಿದ್ದರಿಂದ ಪ್ರತಿ ಪಂದ್ಯದ ನಂತರ ಅದು ಕಣ್ಣೆದುರಿಗೆ ಬಂತು. ಸ್ಪರ್ಸ್‌ನಲ್ಲಿ ಇದೇ ಮಾತು ಅರ್ಧ ಸೆಕೆಂಡಿನ ನಿಯಮವಾಗಿತ್ತು: ಚೆಂಡು ಕೈಗೆ ಬಂದ ಅರ್ಧ ಸೆಕೆಂಡಿನೊಳಗೆ ಎಸೆಯಬೇಕು, ಇಲ್ಲವೇ ಕೊಡಬೇಕು, ಇಲ್ಲವೇ ನುಗ್ಗಬೇಕು. ಚೆಂಡು ಹಿಡಿದು ನಿಂತರೆ ರಕ್ಷಣೆಗೆ ತನ್ನ ಜಾಗಕ್ಕೆ ಮರಳಲು ಸಮಯ ಸಿಗುತ್ತದೆ, ಎಸೆತಕ್ಕೆ ಇರುವ 24 ಸೆಕೆಂಡಿನ ಗಡಿಯಾರ ಸವೆಯುತ್ತದೆ.

ಅಂಕ, ರಿಬೌಂಡ್ ಎಲ್ಲರೂ ಎಣಿಸುತ್ತಾರೆ. ಅಭ್ಯಾಸದ ಕೋಣೆಯಲ್ಲಿ ಬೋರ್ಡಿಗೆ ಹಚ್ಚಬೇಕಾದದ್ದು ಬೇರೆ: ಎದುರಾಳಿಯ ಪಾಸ್‌ಗೆ ಕೈ ತಾಗಿಸಿದ್ದು ಎಷ್ಟು, ಉರುಳುವ ಚೆಂಡಿಗೆ ನೆಲಕ್ಕೆ ಬಿದ್ದದ್ದು ಎಷ್ಟು, ನುಗ್ಗಿ ಬಂದವನಿಗೆ ಎದೆಯೊಡ್ಡಿ ಫೌಲ್ ಗಳಿಸಿದ್ದು ಎಷ್ಟು, ತನ್ನ ಸ್ಕ್ರೀನ್‌ನಿಂದ (ಎದುರಾಳಿಯ ದಾರಿಗೆ ಅಡ್ಡ ನಿಲ್ಲುವುದರಿಂದ) ಜೊತೆಗಾರ ಬುಟ್ಟಿ ಹಾಕಿದ್ದು ಎಷ್ಟು. ನಾಲ್ಕಕ್ಕಿಂತ ಹೆಚ್ಚು ಬೇಡ. ಹತ್ತು ಸಂಖ್ಯೆ ಹಚ್ಚಿದರೆ ಆಟಗಾರ ತನಗೆ ಒಪ್ಪುವ ಒಂದನ್ನು ಆರಿಸಿಕೊಂಡು ಉಳಿದದ್ದನ್ನು ಗಾಳಿಗೆ ತೂರುತ್ತಾನೆ.

ಸೋಲನ್ನು ಹೇಗೆ ಓದಬೇಕು ಎಂಬುದಕ್ಕೆ 2013ರ ಫೈನಲ್ಸ್‌ನ ಆರನೆಯ ಪಂದ್ಯಕ್ಕಿಂತ ಒಳ್ಳೆಯ ಪಾಠ ಸಿಗಲಾರದು. ಏಳು ಪಂದ್ಯಗಳ ಸರಣಿಯಲ್ಲಿ ಸ್ಪರ್ಸ್ ಮಯಾಮಿಗಿಂತ 3-2 ಮುಂದಿತ್ತು. ಕೊನೆಯ ಅರ್ಧ ನಿಮಿಷದ ಒಳಗೆ ಲೆನಾರ್ಡ್ ಎರಡು ಫ್ರೀ ಥ್ರೋಗಳಲ್ಲಿ (ಫೌಲ್‌ಗೆ ಸಿಗುವ, ತಲಾ ಒಂದು ಅಂಕದ ಎಸೆತ) ಒಂದನ್ನು ತಪ್ಪಿಸಿದರು; ಅಂಕ 95-92. ಮಯಾಮಿಗೆ ಬೇಕಿದ್ದದ್ದು ಮೂರು ಅಂಕ. ಮೂರು ಪಾಯಿಂಟ್ ಗೆರೆಯ ಹೊರಗೆ ಎಲ್ಲರೂ ಎಲ್ಲರನ್ನೂ ಅದಲುಬದಲಾಗಿ ಕಾಯಲಿ ಎಂದು ಪೊಪೊವಿಚ್ ಎತ್ತರದ ಡಂಕನ್‌ನನ್ನು ಬೆಂಚಿನಲ್ಲಿ ಕೂರಿಸಿದರು. ಲೆಬ್ರಾನ್ ಜೇಮ್ಸ್ ಎಸೆತ ತಪ್ಪಿತು. ರಿಬೌಂಡ್ ಕ್ರಿಸ್ ಬಾಷ್ ಕೈಗೆ ಸಿಕ್ಕಿತು, ಅವರು ಬಲಮೂಲೆಯಲ್ಲಿ ಹಿಂದಕ್ಕೆ ಹೆಜ್ಜೆಯಿಟ್ಟು ಗೆರೆಯಾಚೆ ಸರಿದ ರೇ ಆಲನ್‌ಗೆ ಕೊಟ್ಟರು, 5.2 ಸೆಕೆಂಡ್ ಉಳಿದಿರುವಾಗ ಅಂಕ ಸಮ. ಹೆಚ್ಚುವರಿ ಅವಧಿಯಲ್ಲಿ ಸ್ಪರ್ಸ್ 100-103ಕ್ಕೆ ಸೋತಿತು, ಏಳನೆಯ ಪಂದ್ಯವನ್ನೂ ಕಳೆದುಕೊಂಡಿತು.

ಇಲ್ಲಿ ನಾಲ್ಕು ಬೇರೆಬೇರೆ ಸಂಗತಿಗಳಿವೆ, ಒಂದೇ ಗಂಟಾಗಿ ಕಟ್ಟಿದರೆ ಏನೂ ಕಲಿಯಲಾಗದು. ಫ್ರೀ ಥ್ರೋ ತಪ್ಪಿದ್ದು ಕೈಕೆಲಸದ ಸಂಗತಿ; 21 ವರ್ಷದ ಹುಡುಗನಿಗೆ ಅಂದು ಬುದ್ಧಿ ಹೇಳಬೇಕಾದ್ದೇನೂ ಇಲ್ಲ. ಡಂಕನ್‌ನನ್ನು ಕೂರಿಸಿದ್ದು ತಂಡದ ರೂಢಿಯ ತೀರ್ಮಾನ; ಮೊದಲ ಎಸೆತದ ಮಟ್ಟಿಗೆ ಅದು ಕೆಲಸ ಮಾಡಿತು ಕೂಡ, ಬೆಲೆ ತೆತ್ತದ್ದು ರಿಬೌಂಡ್‌ನಲ್ಲಿ. ಬಾಷ್‌ನನ್ನು ಮೈಯಿಂದ ತಡೆಯದಿದ್ದದ್ದು ಸರಿಪಡಿಸಬಹುದಾದ ತಪ್ಪು. ಆಲನ್‌ನ ಎಸೆತ ಎದುರಾಳಿಯ ಹಿರಿಮೆ. ಸೋತ ರಾತ್ರಿ ಕೋಚ್ ಮಾಡಬೇಕಾದ್ದು ಈ ವಿಂಗಡಣೆ: ತೀರ್ಮಾನ ತಪ್ಪೇ, ನಡೆಸಿದ್ದು ತಪ್ಪೇ, ಇಲ್ಲ ಅದೃಷ್ಟ ಕೈಕೊಟ್ಟಿತೇ? ಮೂರನೆಯದಾಗಿದ್ದರೆ ಏನನ್ನೂ ಬದಲಿಸಬಾರದು. ಸಾಮಾನ್ಯವಾಗಿ ಆಗುವುದು ಇದರ ತಿರುವುಮುರುವು. ಎದೆ ಒಡೆಯುವ ಸೋಲಿನ ನಂತರ ಯಾರದಾದರೂ ತಲೆದಂಡ ಬೇಕೆನಿಸುತ್ತದೆ. ಸ್ಪರ್ಸ್ ಅದೇ ಕೋಚ್, ಅದೇ ಮುಖ್ಯ ಆಟಗಾರರನ್ನು ಇಟ್ಟುಕೊಂಡು ಮರುವರ್ಷ ಅದೇ ಮಯಾಮಿಯನ್ನು 4-1ರಲ್ಲಿ ಸೋಲಿಸಿತು. ಫೈನಲ್ಸ್‌ನ ಶ್ರೇಷ್ಠ ಆಟಗಾರ, ಹಿಂದಿನ ವರ್ಷ ಫ್ರೀ ಥ್ರೋ ತಪ್ಪಿಸಿದ್ದ ಲೆನಾರ್ಡ್.

ಆಟಗಾರರನ್ನು ಬೆಳೆಸುವುದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಜಿನೋಬಿಲಿ 1999ರಲ್ಲಿ 57ನೆಯವರು, ಪಾರ್ಕರ್ 2001ರಲ್ಲಿ 28ನೆಯವರು, ಡೆನ್ವರ್‌ನ ನಿಕೋಲಾ ಯೋಕಿಚ್ 2014ರಲ್ಲಿ 41ನೆಯವರು. ಆರಿಸುವ ಕಣ್ಣು ಬೇಕು, ಸರಿ. ಆದರೆ ಆರಿಸಿದ ಮೇಲಿನ ಕೆಲಸ ಹೆಚ್ಚು. ಡ್ಯಾನಿ ಗ್ರೀನ್‌ನನ್ನು ಕ್ಲೀವ್‌ಲ್ಯಾಂಡ್ ಕೈಬಿಟ್ಟಿತ್ತು, ಸ್ಪರ್ಸ್ ಕೂಡ ತೆಗೆದುಕೊಂಡು ಕೆಲವೇ ದಿನಕ್ಕೆ ಬಿಟ್ಟುಬಿಟ್ಟಿತ್ತು. ಕಿರಿಯ ಲೀಗ್‌ನಲ್ಲಿ ಆಡಿ ಮರಳಿದವರು 2013ರ ಫೈನಲ್ಸ್‌ನಲ್ಲಿ 27 ಮೂರು ಪಾಯಿಂಟ್ ಬುಟ್ಟಿ ಹಾಕಿ ಅಂದಿನ ಮಟ್ಟಿಗೆ ದಾಖಲೆ ಬರೆದರು. ಕಿರಿಯ ತಂಡ ಮುಖ್ಯ ತಂಡದ ಆಟವನ್ನೇ, ಅದೇ ಹೆಸರಿನ ಅದೇ ಸಂಕೇತಗಳಲ್ಲೇ ಆಡಬೇಕು. ಇಲ್ಲದಿದ್ದರೆ ಮೇಲೆ ಕರೆದ ಹುಡುಗ ಮೊದಲ ಎರಡು ವಾರ ಭಾಷೆ ಕಲಿಯುವುದರಲ್ಲೇ ಕಳೆಯುತ್ತಾನೆ.

ಎಸೆತದ ಭಂಗಿ ತಿದ್ದುವುದನ್ನು ಋತುವಿನ ನಡುವೆ ಮಾಡಬೇಡಿ. ಹೊಸ ಭಂಗಿ ಮೈಗೂಡುವ ಮುನ್ನ ಗುರಿ ಕೆಡುತ್ತದೆ. ಪಂದ್ಯದ ಒತ್ತಡದಲ್ಲಿ ಕೈ ಹಳೆಯ ಚಾಳಿಗೇ ಹೋಗುತ್ತದೆ, ಕಡೆಗೆ ಎರಡೂ ಉಳಿಯುವುದಿಲ್ಲ. ಬೇಸಿಗೆಯಲ್ಲಿ, ಬುಟ್ಟಿಗೆ ಹತ್ತಿರದಿಂದ ಶುರುಮಾಡಿ, ಒಂದು ಸಲಕ್ಕೆ ಒಂದೇ ತಿದ್ದುಪಡಿ: ಮೊದಲು ಚೆಂಡಿನ ಕೆಳಗಿನ ಕೈ, ಆಮೇಲೆ ಮೊಣಕೈ, ಆಮೇಲೆ ಕಾಲು. ಹತ್ತಿರದಿಂದ ಸಲೀಸಾಗಿ ಬೀಳತೊಡಗಿದ ಮೇಲಷ್ಟೇ ಒಂದು ಹೆಜ್ಜೆ ಹಿಂದೆ. ಸ್ಪರ್ಸ್‌ನಲ್ಲಿ ಇದಕ್ಕೆಂದೇ ಚಿಪ್ ಎಂಗಲಂಡ್ ಎಂಬ ಕೋಚ್ ಇದ್ದರು. ಪಾರ್ಕರ್ ಮತ್ತು ಲೆನಾರ್ಡ್ ಇಬ್ಬರ ಎಸೆತವೂ ಅವರ ಕೈಯಲ್ಲಿ ಪಳಗಿತು.

ಈ ಕೆಲಸಕ್ಕೆ ಈಗ ಹಣದ ಕಾರಣವೂ ಸೇರಿದೆ. ಲೀಗ್ ಮತ್ತು ಆಟಗಾರರ ಸಂಘದ 2023ರ ಒಪ್ಪಂದದ ನಂತರ ಸಂಬಳದ ಎರಡನೆಯ ಮೇಲ್ಮಿತಿ ದಾಟಿದ ತಂಡ ಅದಲುಬದಲಿನಲ್ಲಿ ಇಬ್ಬರ ಸಂಬಳ ಕೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ತರುವಂತಿಲ್ಲ, ಮಿತಿ ಮೀರಿಯೂ ಹೊಸಬನನ್ನು ಸೇರಿಸಿಕೊಳ್ಳಲು ಇರುವ ಮಧ್ಯಮ ದರದ ವಿನಾಯಿತಿಯೂ ಸಿಗದು. ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಆರಿಸಿದವನ ಸಂಬಳ ಮಾತ್ರ ನಾಲ್ಕು ವರ್ಷ ನಿಗದಿತ ಪಟ್ಟಿಯಂತೆ. ಆ ನಾಲ್ಕು ವರ್ಷದಲ್ಲಿ ಬೆಳೆದವನೇ ತಂಡದ ಉಳಿತಾಯ. ಫೀನಿಕ್ಸ್ ಸನ್ಸ್ ಇದರ ವಿರುದ್ಧ ದಾರಿ ಹಿಡಿಯಿತು. 2023ರಲ್ಲಿ ಕೆವಿನ್ ಡ್ಯೂರಂಟ್, ಡೆವಿನ್ ಬುಕರ್, ಬ್ರ್ಯಾಡ್ಲಿ ಬೀಲ್ ಮೂವರನ್ನೂ ಒಟ್ಟುಗೂಡಿಸಿತು. ಡ್ರಾಫ್ಟ್ ಹಕ್ಕುಗಳು ಕೈಬಿಟ್ಟವು. 2024ರ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ 0-4, 2025ರಲ್ಲಿ 36 ಗೆಲುವು 46 ಸೋಲು, ಪ್ಲೇಆಫ್ ಕೂಡ ಇಲ್ಲ. 2023, 2024, 2025, ಮೂರು ಬೇಸಿಗೆಯಲ್ಲಿ ಮೂವರು ಕೋಚ್‌ಗಳು ಮನೆಗೆ ಹೋದರು. ಡಂಕನ್ 2012ರಲ್ಲಿ ಮಾಡಿದ್ದು ಇದಕ್ಕೆ ಎದುರಿನ ಚಿತ್ರ: ಸುಮಾರು 2.1 ಕೋಟಿ ಡಾಲರ್ ಸಂಬಳ ಒಂದು ಕೋಟಿಗೂ ಕೆಳಗಿಳಿಯಲು ಒಪ್ಪಿದರು. ಆದರೆ ಸಂಬಳ ಬಿಟ್ಟುಕೊಡಿ ಎಂದು ಆಟಗಾರನನ್ನು ಕೇಳುವ ಹಕ್ಕು ಅವನ ಜತೆ ಹದಿನೈದು ವರ್ಷ ಮಾತು ತಪ್ಪದ ತಂಡಕ್ಕೆ ಮಾತ್ರ ಇದೆ.

ಕೋಚ್ ವಿಷಯದಲ್ಲಿ ತಾಳ್ಮೆಗೆ ಡೆನ್ವರ್ ಒಳ್ಳೆಯ ಉದಾಹರಣೆ. ಮೈಕಲ್ ಮಲೋನ್ 2015ರಲ್ಲಿ ಬಂದರು, ಮೊದಲ ಮೂರು ವರ್ಷ ಪ್ಲೇಆಫ್ ಸಿಗಲಿಲ್ಲ. ಅವರನ್ನು ತೆಗೆಯಲಿಲ್ಲ. 2023ರಲ್ಲಿ ಪ್ರಶಸ್ತಿ ಬಂತು. ಅದೇ ತಂಡ 2025ರ ಏಪ್ರಿಲ್‌ನಲ್ಲಿ, ಲೀಗ್ ಹಂತದಲ್ಲಿ ಮೂರೇ ಪಂದ್ಯ ಬಾಕಿಯಿರುವಾಗ, ಅವರನ್ನೂ ಜನರಲ್ ಮ್ಯಾನೇಜರ್‌ನನ್ನೂ ಒಟ್ಟಿಗೆ ತೆಗೆಯಿತು. ಮಯಾಮಿ ಇನ್ನೊಂದು ಬಗೆ: ಎರಿಕ್ ಸ್ಪೋಲ್‌ಸ್ಟ್ರಾ 1995ರಲ್ಲಿ ವಿಡಿಯೊ ಕೋಣೆಯಲ್ಲಿ ಕೆಲಸಕ್ಕೆ ಸೇರಿ 2008ರಲ್ಲಿ ಮುಖ್ಯ ಕೋಚ್ ಆದವರು. ಒಳಗಿನಿಂದ ಬೆಳೆದವನಿಗೆ ಪ್ರತಿ ನಿಯಮದ ಹಿಂದಿನ ಕಾರಣ ಗೊತ್ತಿರುತ್ತದೆ. ಒಳಗಿನವನ ಕಣ್ಣಿಗೆ ಬೀಳದ ದೋಷಗಳೂ ಇರುತ್ತವೆ, ಅದಕ್ಕೇ ಸಹಾಯಕರಲ್ಲಿ ಒಬ್ಬಿಬ್ಬರು ಹೊರಗಿನವರಿರಬೇಕು.

ಸೋಲುವ ವರ್ಷಗಳಲ್ಲಿ ಏನು ಮಾಡಬೇಕು ಎಂಬುದೇ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಫಿಲಡೆಲ್ಫಿಯಾ 2013ರಿಂದ ಮೂರು ಋತುಗಳಲ್ಲಿ ಅನುಕ್ರಮವಾಗಿ 19, 18, 10 ಪಂದ್ಯ ಗೆದ್ದಿತು. ಹೆಚ್ಚು ಸೋತ ತಂಡಗಳಿಗೆ ಸಿಗುವ ಒಳ್ಳೆಯ ಡ್ರಾಫ್ಟ್ ಸ್ಥಾನಕ್ಕಾಗಿ ಸೋಲನ್ನೇ ಯೋಜನೆ ಮಾಡಿಕೊಂಡಿತ್ತು. ಜೋಯಲ್ ಎಂಬೀಡ್‌ನಂಥ ದೊಡ್ಡ ಆಟಗಾರ ಸಿಕ್ಕರೂ ಅವರ ಕಾಲದಲ್ಲಿ ಎರಡನೆಯ ಸುತ್ತು ದಾಟಿದ್ದಿಲ್ಲ. ಒಕ್ಲಹೋಮ ಸಿಟಿ ಥಂಡರ್ ಕೂಡ ಸೋತಿತು: 22-50, ಮರುವರ್ಷ 24-58. 2021ರ ಡಿಸೆಂಬರ್‌ನಲ್ಲಿ ಮೆಂಫಿಸ್ ವಿರುದ್ಧ 79-152, ಎನ್‌ಬಿಎ ಚರಿತ್ರೆಯಲ್ಲೇ ಅತಿ ದೊಡ್ಡ ಅಂತರದ ಸೋಲು. ಕೋಚ್ ಮಾರ್ಕ್ ಡೇಗ್ನಾಲ್ಟ್‌ನನ್ನು ತಂಡ ಬದಲಿಸಲಿಲ್ಲ. ಅವರು ಅದೇ ತಂಡದ ಜಿ ಲೀಗ್ ಕೋಚ್ ಆಗಿ ಪಳಗಿದವರು. ಡ್ರಾಫ್ಟ್‌ನಲ್ಲಿ ಯಾರೂ ಆರಿಸದ ಲೂ ಡೋರ್ಟ್, 12ನೆಯವನಾಗಿ ಬಂದ ಜೇಲನ್ ವಿಲಿಯಮ್ಸ್ ಆ ವಾತಾವರಣದಲ್ಲಿ ಬೆಳೆದರು. 2024-25ರಲ್ಲಿ 68-14, ಕೊನೆಗೆ ಪ್ರಶಸ್ತಿ. ಎರಡರ ವ್ಯತ್ಯಾಸ ಬರೀ ಅದೃಷ್ಟದ್ದಲ್ಲ ಎಂದೇ ನಾವು ಹೇಳುತ್ತೇವೆ. ಸೋಲುವ ತಂಡದಲ್ಲಿ ಎಳೆಯರಿಗೆ ನಿಮಿಷ ದಾನವಾಗಿ ಸಿಕ್ಕರೆ ಅವರು ತಪ್ಪು ಅಭ್ಯಾಸಗಳನ್ನು ರೂಢಿಸಿಕೊಳ್ಳುತ್ತಾರೆ: 20 ಅಂಕ ಹಿಂದಿರುವಾಗ ಸಿಕ್ಕಸಿಕ್ಕ ಎಸೆತ, ರಕ್ಷಣೆಯಲ್ಲಿ ಕೈಚೆಲ್ಲಿ ನಿಲ್ಲುವುದು. 30 ಅಂಕ ಹಿಂದಿದ್ದಾಗಲೂ ಹಿಂದಕ್ಕೆ ಓಡದವನನ್ನು ಹೊರಗೆ ಕರೆಯಲೇಬೇಕು. ಅಂಕಪಟ್ಟಿಗೆ ಅದರಿಂದ ಏನೂ ಆಗದು, ನಾಲ್ಕು ವರ್ಷದ ನಂತರ ಆಗುತ್ತದೆ.

ಸಂಸ್ಕೃತಿಯಿಂದ ಆಗದ್ದೇನು ಎಂಬುದನ್ನೂ ಹೇಳಬೇಕು. 1996-97ರಲ್ಲಿ ಡೇವಿಡ್ ರಾಬಿನ್ಸನ್ ಗಾಯಗೊಂಡಾಗ ಸ್ಪರ್ಸ್ ಗೆದ್ದದ್ದು 20 ಪಂದ್ಯ. ಪೊಪೊವಿಚ್ ನಡುವಿನಲ್ಲಿ ಕೋಚ್ ಆದರೂ ತಂಡ ನೆಲಕಚ್ಚಿತ್ತು. ಡ್ರಾಫ್ಟ್‌ನಲ್ಲಿ ಮೊದಲಿಗನಾಗಿ ಡಂಕನ್ ಬಂದರು, ರಾಬಿನ್ಸನ್ ಮರಳಿದರು, ಮರುವರ್ಷ 56 ಗೆಲುವು. ಪ್ರತಿಭೆಯನ್ನು ಸಂಸ್ಕೃತಿ ಹುಟ್ಟಿಸದು. ಇರುವುದು ಪೋಲಾಗದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಇದೇ ತಂಡ 2017-18ರಲ್ಲಿ ಲೆನಾರ್ಡ್‌ನನ್ನು ಕಳೆದುಕೊಳ್ಳುವ ದಾರಿ ಹಿಡಿಯಿತು. ತೊಡೆಯ ಸ್ನಾಯುವಿನ ತೊಂದರೆಯ ಬಗ್ಗೆ ತಂಡದ ವೈದ್ಯರಿಗೂ ಆಟಗಾರನ ಕಡೆಯವರಿಗೂ ಹೊಂದಲಿಲ್ಲ. ಆ ಋತುವಿನಲ್ಲಿ ಅವರು ಆಡಿದ್ದು ಒಂಬತ್ತೇ ಪಂದ್ಯ. 2018ರ ಜುಲೈನಲ್ಲಿ ಟೊರಾಂಟೊಗೆ ಹೋದರು, 2019ರಲ್ಲಿ ಟೊರಾಂಟೊ ಚಾಂಪಿಯನ್.

ವೈದ್ಯರ ಮಾತನ್ನು ಆಟಗಾರ ನಂಬಬೇಕಾದರೆ ಗಾಯ ಆಗುವ ಮುಂಚೆಯೇ ಕೆಲವು ಸಂಗತಿ ಬರವಣಿಗೆಯಲ್ಲಿರಬೇಕು: ಹೊರಗಿನ ವೈದ್ಯರ ಎರಡನೆಯ ಅಭಿಪ್ರಾಯ ಯಾರು ಏರ್ಪಡಿಸುತ್ತಾರೆ, ಸ್ಕ್ಯಾನ್ ವರದಿ ಯಾರ ಕೈಗೆ ಮೊದಲು ಹೋಗುತ್ತದೆ, ಮರಳಿ ಆಡಬಹುದೆಂಬ ಕೊನೆಯ ಮಾತು ಯಾರದು. ಆ ಕೊನೆಯ ಮಾತು ಕೋಚ್‌ನದ್ದಾಗಿರಬಾರದು. ಇನ್ನೊಂದು ನಿಯಮ: ಗಾಯಗೊಂಡವನ ಬಗ್ಗೆ ಪತ್ರಕರ್ತರ ಮುಂದೆ ಕೋಚ್ ಆಗಲಿ ಸಹ ಆಟಗಾರರಾಗಲಿ ಒಂದು ವಾಕ್ಯಕ್ಕಿಂತ ಹೆಚ್ಚು ಮಾತಾಡುವಂತಿಲ್ಲ, ಆ ವಾಕ್ಯವನ್ನೂ ಆಟಗಾರನಿಗೆ ಮೊದಲೇ ತೋರಿಸಿರಬೇಕು.

ಋತು ಮುಗಿದ ಎರಡು ದಿನದೊಳಗೆ ಪ್ರತಿ ಆಟಗಾರನ ಜತೆ ಕೊನೆಯ ಮಾತುಕತೆ ನಡೆಯುತ್ತದೆ. ಬಹಳ ತಂಡಗಳಲ್ಲಿ ಅದು ಕೈಕುಲುಕಿ ಬೀಳ್ಕೊಡುವ ಶಾಸ್ತ್ರ. ಅರ್ಧ ಗಂಟೆ ಕೊಡಿ. ಒಂದೇ ಪುಟದಲ್ಲಿ ಬೇಸಿಗೆಯ ಎರಡು ಕೆಲಸ ಬರೆಯಿರಿ, ಪ್ರತಿಯೊಂದರ ಎದುರಿಗೆ ಜವಾಬ್ದಾರ ಸಹಾಯಕ ಕೋಚ್‌ನ ಹೆಸರು, ಜುಲೈನಲ್ಲಿ ಯಾವ ದಿನ ಎಲ್ಲಿ ನೋಡುತ್ತೇವೆ ಎಂಬ ತಾರೀಖು. ಆ ದಿನ ಆಟಗಾರ ಎಲ್ಲಿದ್ದರೂ ಸಹಾಯಕ ಕೋಚ್ ಅಲ್ಲಿಗೆ ಹೋಗಬೇಕು. ಹದಿನೈದನೆಯ ಆಟಗಾರನ ಬಳಿಗೂ.